ಎಡಗಡೆಯ ಬ್ರೇಕು

ನಾನು ಒಂದು ಕಾರು. ಇಷ್ಟೇ ಹೇಳಿ ಸುಮ್ಮನಾದರೆ ನನಗೆ ನಾನೇ ಅನ್ಯಾಯ ಮಾಡಿಕೊಂಡಂತೆ. ನಾನು ಸಾರಂಗ ಜಿಟಿ. ಪುಣೆಯ ಆಚೆಗಿನ ಕಾರ್ಖಾನೆಯೊಂದರಲ್ಲಿ ಸಾದಾ ಸಾರಂಗಗಳು ಇಡ್ಲಿ ಇಳಿದ ಹಾಗೆ ದಿನವೂ ಇಳಿಯುತ್ತಿದ್ದವು. ಕಂಪನಿಯ ಹತ್ತನೆಯ ವರ್ಷದ ನೆನಪಿಗೆಂದು ಮುನ್ನೂರು ಕಾರುಗಳನ್ನು ಮಾತ್ರ ಬೇರೆ ರೀತಿ ಮಾಡಿದರು. ಎರಡೇ ಬಾಗಿಲು, ನೆಲಕ್ಕೆ ತುಸು ಹತ್ತಿರ ಕುಳಿತ ಮೈ, ಅರಿಸಿನದ ಬಣ್ಣ, ಬಾನೆಟ್ಟಿನಿಂದ ಡಿಕ್ಕಿಯವರೆಗೆ ಎರಡು ಕಪ್ಪು ಪಟ್ಟೆ, ಹಿಡಿಯಲು ಬಿಗಿಯಾದ ಚಿಕ್ಕ ಸ್ಟೇರಿಂಗು, ಕೆಂಪು ದಾರದಿಂದ ಹೊಲಿದ ಕಪ್ಪು ಸೀಟು. ಗೇರಿನ ಪಕ್ಕದಲ್ಲಿ ಒಂದು ಹಿತ್ತಾಳೆಯ ಬಿಲ್ಲೆ; ಮುನ್ನೂರರಲ್ಲಿ ನಾನು ಇನ್ನೂರ ಹದಿನೇಳನೆಯದೆಂದು ಅದರ ಮೇಲೆ ಕೊರೆದಿದ್ದರು. ಇಂಜಿನ್ನು ಸಾದಾ ಸಾರಂಗಕ್ಕಿಂತ ದೊಡ್ಡದು, ಗಂಟಲೂ ದೊಡ್ಡದು. ಜಂಬ ಎನ್ನಿ, ಬೇಕಾದರೆ. ಇದ್ದದ್ದನ್ನು ಹೇಳಿದೆ.

ಗದಗಿನ ಎಣ್ಣೆ ಗಿರಣಿಯವರ ಮಗ ಚನ್ನವೀರ ನನ್ನನ್ನು ಮೊದಲು ಕೊಂಡವನು. ಬಿಸಿಬಿಸಿ ಮಿರ್ಚಿ ತಮ್ಮ ಓಣಿಯ ಮೂಲೆಯಲ್ಲೇ ಸಿಗುತ್ತಿದ್ದರೂ ಅದನ್ನು ತಿನ್ನಲು ಹುಬ್ಬಳ್ಳಿಗೆ ಹೋಗುತ್ತಿದ್ದ. ಅವನ ಕೈಯಲ್ಲಿ ನಾನು ಓಡಿದ್ದೇ ಓಡಿದ್ದು. ಮುಂಬಯಿಯಿಂದ ಗೆಳೆಯನೊಬ್ಬ ಮಿಣಿಮಿಣಿ ಹೊಳೆಯುವ ಸ್ಟೇರಿಂಗು ತಂದುಕೊಟ್ಟಾಗ ನನ್ನದನ್ನು ಕಿತ್ತು ಅದನ್ನು ಕೂರಿಸಿದ್ದೊಂದೇ ಅವನು ಮಾಡಿದ ತಪ್ಪು. ಮುಂದೆ ಮದುವೆಯಾಯಿತು, ಅವಳಿ ಮಕ್ಕಳಾದವು. ಒಂದು ದಿನ ಅವನ ತಾಯಿ ನನ್ನ ಹಿಂದಿನ ಸೀಟಿಗೆ ನುಸುಳಲು ಹೋಗಿ ಮುಂದಿನ ಸೀಟಿನ ಸಂದಿಯಲ್ಲಿ ಸಿಕ್ಕಿಹಾಕಿಕೊಂಡರು. ಇಬ್ಬರು ಸೊಸೆಯಂದಿರು ಎಳೆದು ಹೊರಗೆ ತೆಗೆಯಬೇಕಾಯಿತು. ಆ ವಾರವೇ ನನ್ನನ್ನು ಮಾರಿದರು.

ಕೊಂಡವರು ಹುಸೇನಸಾಬ್ ನದಾಫ ಮಾಸ್ತರರು. ಬೆಟಗೇರಿಯ ರಸ್ತೆಯಲ್ಲಿ ಕಾರು ಕಲಿಸುವ ಶಾಲೆ ಇಟ್ಟಿದ್ದರು. ಅವರಿಗೆ ಜಿಟಿಯೂ ಒಂದೇ, ಸಾದಾ ಸಾರಂಗವೂ ಒಂದೇ. ಅರಿಸಿನ ಬಣ್ಣದ ಗಾಡಿಯಲ್ಲಿ ಕಲಿಯಲು ಯಾರೂ ಹೆಣ್ಣುಮಕ್ಕಳನ್ನು ಕಳಿಸುವುದಿಲ್ಲವೆಂದು ನನಗೆ ಬಿಳಿ ಬಣ್ಣ ಬಳಿಸಿದರು. ನೆತ್ತಿಯ ಮೇಲೊಂದು ಬೋರ್ಡು, ಹಣೆಯ ಮೇಲೆ ಕೆಂಪು ಎಲ್. ಓಡಲೆಂದೇ ಹುಟ್ಟಿದ ನಾನು ಎರಡನೆಯ ಗೇರಿನಲ್ಲಿ ಮೈದಾನ ಸುತ್ತುವ ಗಾಣದೆತ್ತಾದೆ.

ಕಲಿಸುವ ಕಾರುಗಳಲ್ಲಿ ಎಡಗಡೆಯ ಸೀಟಿನ ಮುಂದೆಯೂ ಒಂದು ಬ್ರೇಕು ಇರುತ್ತದೆ. ಕಲಿಯುವವರು ಎಡವಿದರೆ ಮಾಸ್ತರರು ಅದನ್ನು ಒತ್ತಬೇಕು. ಅಲ್ಲಿಂದ ನನ್ನ ಸ್ವಂತ ಬ್ರೇಕಿಗೆ ತಗಡಿನ ಕೊಳವೆಯೊಳಗೆ ಒಂದು ಸಲಾಕೆ ಹೋಗುತ್ತಿತ್ತು. ಒಂದು ದಿನ ಬ್ಯಾಂಕಿನ ಗುಮಾಸ್ತರೊಬ್ಬರು ಕಲಿಯುತ್ತಿದ್ದಾಗ ಮಾಸ್ತರರು ಒತ್ತಿದರು, ಸಲಾಕೆ ಒಳಗೇ ಮುರಿಯಿತು. ಅವರ ಕಾಲು ಬರಿದೇ ಕೆಳಗೆ ಹೋಯಿತು. ಅಷ್ಟರಲ್ಲಿ ಗುಮಾಸ್ತರೇ ತಮ್ಮ ಬ್ರೇಕು ಹಿಡಿದಿದ್ದರು. ಮಾಸ್ತರರು ಬೆವರು ಒರೆಸಿಕೊಂಡರು.

ನಾಳೆ ರಿಪೇರಿ, ನಾಡಿದ್ದು ರಿಪೇರಿ ಎನ್ನುತ್ತ ಅದು ಹಾಗೇ ಉಳಿಯಿತು. ಆಮೇಲೆ ಅವರು ಒಂದು ಸಂಗತಿ ಕಂಡುಕೊಂಡರು. ಮೊದಲೆಲ್ಲ ಕಲಿಯುವವರ ಕಣ್ಣಿಗೆ ಅಪಾಯ ಬೀಳುವ ಮೊದಲೇ ಇವರ ಕಾಲು ಒತ್ತಿಬಿಡುತ್ತಿತ್ತು; ಹೀಗಾಗಿ ಅವರು ಕಲಿಯುತ್ತಿರಲಿಲ್ಲ. ಈಗ ಒತ್ತಲು ಏನೂ ಇಲ್ಲವಾದ್ದರಿಂದ ಬಾಯಿಂದ ಹೇಳಬೇಕಾಯಿತು, ಅವರೇ ಮಾಡಬೇಕಾಯಿತು. ಬೇಗ ಕಲಿತರು. ಮಾಸ್ತರರು ಸಲಾಕೆಯ ಮಾತನ್ನೇ ಬಿಟ್ಟರು. ಎಡಗೈಯಲ್ಲಿ ಜಪಮಣಿ, ಬಲಗೈ ಹ್ಯಾಂಡ್‌ಬ್ರೇಕಿನ ಪಕ್ಕದಲ್ಲಿ, ಕಾಲು ಮಾತ್ರ ಸತ್ತ ಬ್ರೇಕಿನ ಮೇಲೆ. ಇದು ಸರಿಯೇ ಎಂದು ಕೇಳಿದರೆ ಸರಿಯಲ್ಲ. ಹೆಚ್ಚುಕಡಿಮೆಯಾಗಿದ್ದರೆ ಯಾರು ಹೊಣೆ? ಆದರೆ ಕಾರಿನ ಮಾತನ್ನು ಕೇಳುವವರು ಯಾರು?

ಇಂದುಮತಿಬಾಯಿ ಸಿಂಪಿ ಕಲಿಯಲು ಬಂದದ್ದು ಆ ಹೊತ್ತಿನಲ್ಲಿ. ಹೆಂಗಸರ ಬಟ್ಟೆ ಹೊಲಿಯುವುದರಲ್ಲಿ ಗದಗಿನಲ್ಲಿ ಅವರದು ಎತ್ತಿದ ಕೈ. ಕೆಲವು ವರ್ಷಗಳ ಹಿಂದೆ ಸ್ಕೂಟರಿನಿಂದ ಬಿದ್ದು ಅದೇ ಕೈಯ ಮಣಿಕಟ್ಟು ಮುರಿದುಕೊಂಡಿದ್ದರು. ಕೂಡುವವರೆಗೆ ಕತ್ತರಿ ಹಿಡಿಯಲಾಗದೆ ಕೂತ ಆ ದಿನಗಳು ಅವರೊಳಗೆ ಒಂದು ಹೆದರಿಕೆಯನ್ನು ಬಿಟ್ಟುಹೋಗಿದ್ದವು. ರಸ್ತೆ ದಾಟುವಾಗಲೂ ಗಂಡನ ತೋಳು ಬೇಕು. ಈ ಅಂಜಿಕೆಯನ್ನು ಸುಡುಗಾಡಿನವರೆಗೆ ಹೊತ್ತುಕೊಂಡು ಹೋಗಲಾರೆ ಎಂದು ಒಂದು ದಿನ ಹಟ ಹಿಡಿದು ಬಂದುಬಿಟ್ಟರು. ನನ್ನೊಳಗೆ ಕೂತು ಅವರು ಕೇಳಿದ ಮೊದಲ ಮಾತೇ, ನಿಮ್ಮ ಕಾಲು ಎಲ್ಲಿದೆ ಎಂದು.

“ನನ್ನ ಕಾಲು ಬ್ರೇಕಿನ ಮ್ಯಾಲ ಐತ್ರೀ ಅಕ್ಕಾರ,” ಎಂದರು ಮಾಸ್ತರರು. “ನೀವು ಸಾವಕಾಶ ಬಿಡ್ರಿ.”

ಸುಳ್ಳಂತೂ ಅಲ್ಲ. ಕಾಲು ಬ್ರೇಕಿನ ಮೇಲೇ ಇತ್ತು. ಆ ಒಂದು ಮಾತನ್ನು ನಂಬಿ ಇಂದುಮತಿಬಾಯಿ ಕ್ಲಚ್ಚು ಬಿಟ್ಟರು. ಕಲಿತರು ಕೂಡ, ಚೆಂದವಾಗಿ. ಹೊಲಿಗೆಯ ಮಶಿನ್ನಿನ ಪೆಡಲು ತುಳಿದ ಕಾಲು ನೋಡಿ. ಎಷ್ಟು ಒತ್ತಬೇಕೋ ಅಷ್ಟೇ ಒತ್ತುತ್ತಿತ್ತು. ನನ್ನ ಕ್ಲಚ್ಚಿಗೆ ಅಂಥ ಮರ್ಯಾದೆ ಅದುವರೆಗೆ ಯಾರೂ ಕೊಟ್ಟಿರಲಿಲ್ಲ.

ಮಾಸ್ತರರ ಮೊಣಕಾಲು ಸೋತು ಶಾಲೆ ಮುಚ್ಚಿದಾಗ ನಾನು ಗುಜರಿಗೆ ಹೋಗಬೇಕಿತ್ತು. ಇಂದುಮತಿಬಾಯಿ ಬಂದು ನನ್ನನ್ನು ಮನೆಗೆ ಕರೆದೊಯ್ದರು. ಆಗ ನನ್ನ ಅವಸ್ಥೆ ಹೇಳಬಾರದು. ನೆಲ ತುಕ್ಕು ಹಿಡಿದಿತ್ತು, ಸೀಟು ಹರಿದಿತ್ತು, ಒಂದು ಹಿಂದೀಪದ ಜಾಗದಲ್ಲಿ ಕೆಂಪು ಪ್ಲಾಸ್ಟಿಕ್ಕಿನ ಡಬ್ಬಿಯ ಮುಚ್ಚಳ ಅಂಟಿಸಿದ್ದರು. ಗ್ಯಾರೇಜಿನ ಮೌನೇಶ ಬಡಿಗೇರ ಬಾಗಿಲಿನ ಸಂದಿಯಲ್ಲಿ ಬಿಳಿ ಬಣ್ಣವನ್ನು ಉಗುರಿನಷ್ಟು ಕೆರೆದ. ಅರಿಸಿನ ಕಂಡಿತು. ಧೂಳು ತುಂಬಿದ ಬಿಲ್ಲೆಯನ್ನು ಒರೆಸಿದ, ಅಕ್ಷರ ಕಂಡವು. ಇದು ಏನೆಂದು ಗೊತ್ತೇ ವೈನಿ ಎಂದು ಅವನು ಇಂದುಮತಿಬಾಯಿಯವರನ್ನು ಕೇಳಿದ. ಅವರಿಗೆ ಗೊತ್ತಿರಲಿಲ್ಲ. ತಿಳಿದ ಮೇಲೆ ನನ್ನ ಸುತ್ತ ಒಂದು ಸುತ್ತು ಬಂದು, ಹುಟ್ಟಿದಾಗ ಹೇಗಿತ್ತೋ ಹಾಗೇ ಮಾಡೋಣ ಎಂದರು.

ಅವಸರ ಅವರ ಜಾಯಮಾನದಲ್ಲಿಲ್ಲ. ಒಂದು ವರ್ಷ ನೆಲವಾಯಿತು, ಇನ್ನೊಂದು ವರ್ಷ ಇಂಜಿನ್ನಾಯಿತು. ಬಣ್ಣಕ್ಕೆ ಬಂದಾಗ ಹಳೆಯ ಅರಿಸಿನ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಇಂದುಮತಿಬಾಯಿ ತಮ್ಮ ದಾರದುಂಡೆಗಳ ಪೆಟ್ಟಿಗೆ ತಂದು, ರವಿಕೆಯ ಬಟ್ಟೆಗೆ ದಾರ ಹೊಂದಿಸುವಂತೆ ಒಂದೊಂದೇ ಉಂಡೆಯನ್ನು ಬಾಗಿಲಿನ ಸಂದಿಗೆ ಹಿಡಿದು ನೋಡಿದರು. ಬಿಸಿಲಿನಲ್ಲಿ ನೋಡಿದರು, ನೆರಳಲ್ಲಿ ನೋಡಿದರು. ಕೊನೆಗೆ ಒಂದನ್ನು ಆರಿಸಿ, ಬಣ್ಣ ಕಲೆಸುವವನ ಕೈಗೆ ಕೊಟ್ಟು, ಇದು ಆಗಬೇಕು, ಇದರ ಅಕ್ಕತಂಗಿಯರು ಆಗುವುದಿಲ್ಲ ಎಂದರು. ಅವನು ಮೂರು ಸಲ ಕಲೆಸಿದ. ಮೂರನೆಯದನ್ನು ನೋಡಿದಾಗ ನನಗೇ ನನ್ನ ಗುರುತು ಹತ್ತಿತು.

ಸೀಟುಗಳನ್ನು ಅವರೇ ಹೊಲಿದರು. ಮಶಿನ್ನಿನ ಸೂಜಿ ಆ ದಪ್ಪ ರೆಕ್ಸಿನ್ನಿಗೆ ಮುರಿಯುತ್ತಿತ್ತು. ಚಪ್ಪಲಿ ಹೊಲಿಯುವವರ ಹತ್ತಿರ ದಬ್ಬಳ ತಂದು, ಕೆಂಪು ದಾರಕ್ಕೆ ಮೇಣ ಸವರಿ, ಒಂದೊಂದು ಹೊಲಿಗೆಯನ್ನೂ ಕೈಯಲ್ಲೇ ಹಾಕಿದರು. ಮುರಿದು ಕೂಡಿದ ಮಣಿಕಟ್ಟು ನೋಯುತ್ತಿತ್ತು. ಬಿಟ್ಟು ಬಿಟ್ಟು ಹೊಲಿಯುತ್ತಿದ್ದರು. ಕಾರ್ಖಾನೆಯ ಹೊಲಿಗೆಗಿಂತ ಅದು ನೇರವಾಗಿದೆ ಎಂದು ನಾನು ಆಣೆ ಮಾಡಿ ಹೇಳಬಲ್ಲೆ. ಹಿಂದೀಪ ಕೊಲ್ಲಾಪುರದ ಗುಜರಿಯಲ್ಲಿ ಸಿಕ್ಕಿತು. ಸ್ಟೇರಿಂಗನ್ನು ಚನ್ನವೀರನೇ ತಂದುಕೊಟ್ಟ. ಅವನ ಮನೆಯ ಅಟ್ಟದ ಮೇಲೆ ಹಳೆಯ ಧೋತರದಲ್ಲಿ ಸುತ್ತಿಟ್ಟದ್ದು ಹಾಗೇ ಇತ್ತಂತೆ. ನನ್ನೊಳಗೆ ಕೂತು ಅದನ್ನು ಹಿಡಿದು ನೋಡಿದ. ಈಗ ಅವನ ಹೊಟ್ಟೆ ಆ ಸ್ಟೇರಿಂಗಿಗೆ ತಾಗುತ್ತಿತ್ತು. ಚಹಾ ಕುಡಿದು ಹೋದ.

ಪ್ರತಿ ಭಾನುವಾರ ಹಳೆಯ ನೂಲಿನ ಸೀರೆಯ ತುಂಡಿನಿಂದ ಅವರು ನನ್ನ ಮೈ ಒರೆಸುತ್ತಿದ್ದರು. ಅಂಗಡಿಯ ಚಿಂದಿಗಳಲ್ಲಿ ಟಿಕಲಿ, ಜರಿ ಇರುತ್ತವೆ, ಗೀರು ಬಿದ್ದೀತೆಂದು ಅವನ್ನು ಹತ್ತಿರವೂ ತರುತ್ತಿರಲಿಲ್ಲ. ಓಣಿಯವರು ನಗುತ್ತಿದ್ದರು. ನಗಲಿ. ಇಷ್ಟು ಪ್ರೀತಿಯನ್ನು ನಾನು ಯಾವ ಜನ್ಮದಲ್ಲಿ ಪಡೆದು ಬಂದಿದ್ದೆನೋ ಎಂದು ಕಣ್ಣು ತುಂಬುತ್ತಿತ್ತು. ಕಾರಿಗೆ ಕಣ್ಣೀರಿಲ್ಲ, ಅಷ್ಟೇ.

ಎಲ್ಲವೂ ಹಳೆಯ ರೂಪಕ್ಕೆ ಬಂತು, ಒಂದರ ಹೊರತು. ಎಡಗಡೆಯ ಬ್ರೇಕನ್ನಾಗಲಿ ಅದರ ಕೊಳವೆಯನ್ನಾಗಲಿ ಬಿಚ್ಚಲು ಇಂದುಮತಿಬಾಯಿ ಬಿಡಲಿಲ್ಲ. ಅದು ಇರಬೇಕು, ಅದರ ಮೇಲೆ ಕಾಲಿಟ್ಟು ಒಬ್ಬರು ಕೂತಿರಬೇಕು, ಆಗಲೇ ಅವರು ಕಿಲ್ಲಿ ತಿರುವುವುದು. ಹಾಗೆ ಕೂರುವವರು ಅವರ ಗಂಡ ವಿಠೋಬಾ. ಛಾಪಖಾನೆಯಲ್ಲಿ ಪುಸ್ತಕ ಕಟ್ಟುವ ಕೆಲಸ. ಸೈಕಲ್ಲು ಬಿಟ್ಟರೆ ಬೇರೆ ಗಾಡಿ ಹೊಡೆಯಲು ಬಾರದು. ಕಣ್ಣು ರೆಪ್ಪೆ ಬಡಿಯದೆ ರಸ್ತೆ ನೋಡುತ್ತ ಕೂರುತ್ತಿದ್ದರು. ಅವರಿಗೆ ಬಿಡುವಿದ್ದಾಗ ಮಾತ್ರ ನನ್ನ ಓಟ, ಅದೂ ಹೆಚ್ಚಾಗಿ ಪೇಟೆಯವರೆಗೆ. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಎನ್ನುತ್ತಾರಲ್ಲ, ಹಾಗಾಗಿತ್ತು. ಆದರೆ ನನ್ನ ಓಟಕ್ಕಿಂತ ಅವರ ಅಂಜಿಕೆಯ ಚಿಂತೆಯೇ ನನಗೆ ಹೆಚ್ಚಾಗಿತ್ತು. ಈ ಕೈ, ಈ ಕಾಲು ಇದ್ದೂ ಒಬ್ಬರೇ ಹೊರಡುವ ದಿನ ಅವರಿಗೆ ಬರುವುದೇ ಇಲ್ಲವೇನೋ ಅನಿಸುತ್ತಿತ್ತು.

ಮುಳಗುಂದದ ರಸ್ತೆಯಲ್ಲಿ ಒಂದು ಸಂಜೆ ಜಾಲಿಯ ಮರೆಯಿಂದ ಎಮ್ಮೆಯೊಂದು ಅಡ್ಡ ಬಂತು. ಇಂದುಮತಿಬಾಯಿ ಬ್ರೇಕು ಹಿಡಿದರು. ವಿಠೋಬಾ ಕೂಡ ಮೈಭಾರವನ್ನೆಲ್ಲ ಹಾಕಿ ತಮ್ಮದನ್ನು ಒತ್ತಿದರು. ಕಾಲು ಗಾಳಿಯಲ್ಲಿ ಇಟ್ಟಂತೆ ಕೆಳಗಿಳಿಯಿತು. ಎಮ್ಮೆಯ ಬಾಲ ನನ್ನ ಮೂಗನ್ನು ಸವರಿಹೋಯಿತು. ವಿಠೋಬಾ ಕೆಳಗೆ ನೋಡಿದರು, ಹೆಂಡತಿಯ ಕಡೆ ನೋಡಿದರು. ಛಲೋ ಆಯಿತು ನೀವು ಹಿಡಿದಿರಿ ಎಂದು ಹೆಂಡತಿ ಏದುಸಿರು ಬಿಡುತ್ತ ಹೇಳಿದಾಗ ವಿಠೋಬಾ ಹೂಂ ಎಂದರು, ಅಷ್ಟೇ. ಮರುದಿನವೂ ಬಂದು ಕೂತರು. ಕಾಲು ಅಲ್ಲೇ. ತುಟಿಯ ಮೇಲೆ ಮಾತ್ರ ಅಂದಿನಿಂದ ವಿಠ್ಠಲ ವಿಠ್ಠಲ ನಿಲ್ಲಲಿಲ್ಲ.

ಹುಬ್ಬಳ್ಳಿಯಲ್ಲಿ ಹಳೆಯ ವಿಶೇಷ ಕಾರುಗಳ ಮೇಳವಾಗುವ ಸುದ್ದಿ ಬಂತು. ಕಾರ್ಖಾನೆಯಿಂದ ಬಂದ ಹಾಗೇ ಇರಬೇಕೆಂಬ ನಿಯಮ. ಎಡಗಡೆಯ ಬ್ರೇಕನ್ನು ತಾತ್ಕಾಲಿಕವಾಗಿ ತೆಗೆದು ಮೇಳ ಮುಗಿದ ಮೇಲೆ ಮತ್ತೆ ಕೂರಿಸುತ್ತೇನೆಂದು ಮೌನೇಶ ಬಹಳ ಹೇಳಿದ ಮೇಲೆ ಇಂದುಮತಿಬಾಯಿ ಒಪ್ಪಿದರು. ಅವನು ಕೊಳವೆ ಬಿಚ್ಚಿದ. ತುಕ್ಕು ಹಿಡಿದ ಸಲಾಕೆಯ ಎರಡು ತುಂಡು ಅಂಗಳಕ್ಕೆ ಉದುರಿದವು.

“ವೈನಿ, ಇದು ಮುರದು ಎಷ್ಟೋ ವರ್ಷ ಆಗೇತಿ,” ಎಂದ. “ಈ ಬ್ರೇಕ್ ಯಾವುದಕ್ಕೂ ಹತ್ತಿಲ್ಲ.”

ಇಂದುಮತಿಬಾಯಿ ಆ ಎರಡು ತುಂಡನ್ನು ಕೈಗೆತ್ತಿಕೊಂಡು ನೋಡಿದರು. ಗಂಡನ ಮುಖ ನೋಡಿದ್ದೇ ಅವರಿಗೆ ತಿಳಿಯಿತು.

“ನಿಮಗ ಗೊತ್ತಿತ್ತು.”

“ಎಮ್ಮಿ ಬಂದ ದಿನಾ ಗೊತ್ತಾತು.”

“ಗೊತ್ತಿದ್ದೂ ಬಂದು ಕುಂಡ್ರತಿದ್ರೇನು?”

“ಹೇಳಿದ್ರ ನೀ ಗಾಡಿ ಬಿಟ್ಟಬಿಡ್ತಿದ್ದಿ,” ಎಂದರು ವಿಠೋಬಾ. “ಅದಕ್ಕ ಕುಂಡ್ರತಿದ್ದೆ.”

ವಿಠೋಬಾ ಹೆದರಿದಂತೆಯೇ ಆಯಿತು. ಕಿಲ್ಲಿ ದೇವರ ಮಾಡಕ್ಕೆ ಹೋಯಿತು, ನನ್ನ ಮೇಲೆ ಹೊದಿಕೆ ಬಂತು. ಹುಬ್ಬಳ್ಳಿಗೆ ಹೋಗಲಿಲ್ಲ. ಕಳೆದ ವರ್ಷಗಳಲ್ಲಿ ಎಲ್ಲೆಲ್ಲಿ ಏನೇನು ಆಗಬಹುದಿತ್ತೋ ಅದೆಲ್ಲ ಒಮ್ಮೆಗೇ ಅವರ ಮೇಲೆ ಬಂದು ಬಿದ್ದಂತಿತ್ತು. ಮಾಸ್ತರರ ಮನೆಗೆ ಹೋಗಿ ಬಾಯಿಗೆ ಬಂದಂತೆ ಬೈದು ಬಂದರು. ಮಾಸ್ತರರು ತಪ್ಪಾಯಿತೆಂದು ಒಪ್ಪಿಕೊಂಡು, ನಾನು ಬರೇ ಮಾತಾಡಿದ್ದೆ ಅಕ್ಕಾರ, ಬ್ರೇಕ್ ಹಿಡಿದವರು ನೀವು ಎಂದರಂತೆ. ಭಾನುವಾರ ಹೊದಿಕೆ ಸರಿಸಿ ನನ್ನನ್ನು ಒರೆಸುತ್ತ ಅದನ್ನು ವಿಠೋಬಾನವರಿಗೆ ಹೇಳಿದರು. ಒರೆಸುವುದನ್ನು ಅವರು ಬಿಟ್ಟಿರಲಿಲ್ಲ. ಹೇಳಿದರು, ಹೊದಿಕೆ ಮುಚ್ಚಿದರು. ಮಾತು ಕಿವಿಗೆ ಹೋಗಿತ್ತು, ಎದೆಗೆ ಇಳಿದಿರಲಿಲ್ಲ.

ಮಹಾನವಮಿ ಬಂತು. ಖಂಡೇಪೂಜೆಯ ದಿನ ಹೊಲಿಗೆಯ ಮಶಿನ್ನಿಗೂ ಕತ್ತರಿಗೂ ನನಗೂ ವಿಭೂತಿ ಕುಂಕುಮ, ಚೆಂಡು ಹೂವಿನ ಮಾಲೆ. ನಾಲ್ಕೂ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟರು. ಪೂಜೆಯಾದ ಮೇಲೆ ಗಾಡಿ ಅವುಗಳ ಮೇಲೆ ಹಾದುಹೋಗಬೇಕು. ಇಲ್ಲದಿದ್ದರೆ ಪೂಜೆ ಅರ್ಧಕ್ಕೇ ನಿಂತಂತೆ. ಪ್ರತಿ ವರ್ಷದ ರೂಢಿಯಿಂದ ಇಟ್ಟುಬಿಟ್ಟಿದ್ದರು, ಇಟ್ಟ ಮೇಲೆ ಗಾಡಿ ಹೊರಡಿಸುವವರು ಯಾರೂ ಇಲ್ಲವೆಂದು ನೆನಪಾಯಿತು. ಮೌನೇಶ ತನ್ನ ಗ್ಯಾರೇಜಿನ ಪೂಜೆಯಲ್ಲಿದ್ದ. ವಿಠೋಬಾನವರಿಗೆ ಗಾಡಿ ಬಾರದು. ನಿಂಬೆಹಣ್ಣು ಹಾಗೇ ಬಿಡಬ್ಯಾಡ್ರೀ ಬಾಯಾರ ಎಂದು ಎದುರು ಮನೆಯ ಗಿರಿಜವ್ವ ಎರಡು ಸಲ ಹೇಳಿ ಹೋದರು.

ಸಂಜೆಗೆ ಇಂದುಮತಿಬಾಯಿ ಕಿಲ್ಲಿ ತಂದರು. ವಿಠೋಬಾ ರೂಢಿಯಂತೆ ಎಡಗಡೆಯ ಬಾಗಿಲಿಗೆ ಕೈ ಹಾಕಿದರು.

“ನೀವು ಬ್ಯಾಡ್ರಿ. ಇಲ್ಲೇ ನಿಂದರ್ರಿ.”

ಕಿಲ್ಲಿ ತಿರುಗಿತು. ಅವರು ಎಡಗಡೆಯ ಖಾಲಿ ಸೀಟನ್ನು ಒಮ್ಮೆ ನೋಡಿದರು. ಎಂದಿನಂತೆ ಎಷ್ಟು ಬೇಕೋ ಅಷ್ಟೇ ಕ್ಲಚ್ಚು ಬಿಟ್ಟರು. ನಿಂಬೆಹಣ್ಣು ಚಟಚಟನೆ ಒಡೆದವು. ಅಷ್ಟಕ್ಕೇ ನಿಲ್ಲಿಸಬಹುದಿತ್ತು, ಪೂಜೆಗೆ ಅಷ್ಟು ಸಾಕಿತ್ತು. ನಿಲ್ಲಿಸಲಿಲ್ಲ. ಓಣಿಯ ತುದಿ ದಾಟಿದೆವು, ಪೇಟೆ ದಾಟಿದೆವು, ಮುಳಗುಂದ ನಾಕಾದಲ್ಲಿ ಒಂದು ಟ್ರಾಕ್ಟರು ಅಡ್ಡ ಬಂದಾಗ ಅವರೇ ನಿಲ್ಲಿಸಿ ಅವರೇ ಹೊರಡಿಸಿದರು. ಊರಾಚೆ ರಸ್ತೆ ಖಾಲಿಯಿತ್ತು. ಮೂರನೆಯ ಗೇರು, ನಾಲ್ಕನೆಯದು. ನನ್ನ ದೊಡ್ಡ ಗಂಟಲು ಎಷ್ಟೋ ವರ್ಷದ ಮೇಲೆ ತೆರೆಯಿತು. ಇಂದುಮತಿಬಾಯಿ ಅಳುತ್ತಿದ್ದರು, ನಗುತ್ತಲೂ ಇದ್ದರು. ಮರಳಿ ಬಂದಾಗ ವಿಠೋಬಾ ಅಂಗಳದಲ್ಲಿ ನಿಲ್ಲಿಸಿದ ಜಾಗದಲ್ಲೇ ನಿಂತಿದ್ದರು.

ಮರುದಿನ ಬನ್ನಿ ಕೊಟ್ಟು ತೆಗೆದುಕೊಂಡ ಮೇಲೆ ಇಬ್ಬರೂ ಕಪ್ಪತಗುಡ್ಡಕ್ಕೆ ಹೊರಟರು. ವಿಠೋಬಾ ಬಂದು ಕೂತರು. ಬ್ರೇಕು ತೆಗೆದ ಜಾಗದಲ್ಲಿ ಕಾಲಿಡಲು ಏನೂ ಇಲ್ಲದೆ ಮೊದಲು ಚಡಪಡಿಸಿದರು. ಇಷ್ಟು ದಿನ ರಸ್ತೆ ನೋಡಿದ್ದು ಸಾಕು, ಇಂದು ಗುಡ್ಡ ನೋಡಿರಿ ಎಂದರು ಹೆಂಡತಿ. ಡಂಬಳದವರೆಗೆ ಗುಡ್ಡ ನೋಡಿದರು. ಡೋಣಿ ದಾಟಿ ಏರು ಹತ್ತುವಾಗ ಅವರ ತಲೆ ಕಿಟಕಿಗೆ ಒರಗಿತ್ತು, ಬಾಯಿ ತುಸು ತೆರೆದಿತ್ತು.

ಈಗ ನನಗೆ ವಯಸ್ಸಾಗಿದೆ. ಬಿಡಿಭಾಗಗಳು ಸಿಗುವುದಿಲ್ಲ, ಏರಿನಲ್ಲಿ ದಮ್ಮು ಹತ್ತುತ್ತದೆ. ಮುನ್ನೂರರಲ್ಲಿ ಎಷ್ಟು ಉಳಿದಿದ್ದೇವೋ ತಿಳಿಯದು. ಮನೆಯ ಮುಂದಿನ ತಗಡಿನ ನೆರಳಲ್ಲಿ ನಿಂತು ಯೋಚಿಸುತ್ತೇನೆ: ಚನ್ನವೀರನ ಕಾಲದಲ್ಲಿ ಜನ ನನ್ನ ಓಟ ಕಂಡು ಬಾಯಿ ಬಿಟ್ಟು ನೋಡುತ್ತಿದ್ದರು, ಆಗ ಅದನ್ನೇ ದೊಡ್ಡ ಮಾನ ಎಂದುಕೊಂಡಿದ್ದೆ. ಆ ದಿನ ಕಪ್ಪತಗುಡ್ಡದ ಏರಿನಲ್ಲಿ ಆದದ್ದೇ ದೊಡ್ಡದು. ನನ್ನ ಎಡಗಡೆಯ ಸೀಟಿನಲ್ಲಿ ಅದುವರೆಗೆ ಯಾರೂ ಕಣ್ಣು ಮುಚ್ಚಿರಲಿಲ್ಲ. ಇಂದುಮತಿಬಾಯಿ ಗಂಡನ ಗೊರಕೆ ಕೇಳಿ ಒಮ್ಮೆ ಅತ್ತ ನೋಡಿದರು, ಗೇರು ಇಳಿಸಿ ಮುಂದಿನ ತಿರುವನ್ನು ಮೆಲ್ಲಗೆ ತೆಗೆದುಕೊಂಡರು. ನಾನೂ ಸದ್ದು ಮಾಡಲಿಲ್ಲ.