ಮೂರನೇ ಸಲ ಬಂದ ಗೆದ್ದಲು

ಒದ್ದೆ ಬಟ್ಟೆಯಲ್ಲಿ ಬಾಗಿಲ ಚೌಕಟ್ಟು ಒರೆಸುತ್ತಿದ್ದ ಸೊಸೆಯ ಹೆಬ್ಬೆರಳು ಸಲೀಸಾಗಿ ಮರದೊಳಕ್ಕೆ ಇಳಿದುಹೋಯಿತು. ಮೇಲೆ ಬಣ್ಣ ಹಾಗೇ ಇತ್ತು, ಒಳಗೆ ಮರವೇ ಇರಲಿಲ್ಲ. ಬೆರಳು ತೆಗೆದ ತೂತಿನಿಂದ ಬಿಳಿ ಹುಳುಗಳು ದಿಕ್ಕಾಪಾಲಾಗಿ ಹೊರಬಂದವು.

"ಅಯ್ಯೋ, ಮತ್ತೆ ಬಂದ್ವಲ್ಲಾ!"

ಇದು ಮೂರನೇ ಸಲ. ನಡುಮನೆಯಿಂದ ಅಡುಗೆಮನೆಗೆ ಹೋಗುವ ಇದೇ ಬಾಗಿಲು. ಹಿಂದಿನ ಎರಡು ಸಲವೂ ಗೆದ್ದಲಕ್ಕ ಬಂದು ಔಷಧಿ ಹಾಕಿ ಹೋಗಿದ್ದಳು. ಗೆದ್ದಲು ಓಡಿಸುವುದೇ ಅವಳ ಕಸುಬಾದ್ದರಿಂದ ಊರೆಲ್ಲ ಹಾಗೇ ಕರೆಯುತ್ತಿತ್ತು. ಅವಳೂ ಫೋನೆತ್ತಿದರೆ "ಗೆದ್ದಲಕ್ಕ ಮಾತಾಡ್ತಿರೋದು, ಎಲ್ಲಿ ತಿಂತಾ ಇದೆ?" ಎಂದೇ ಶುರುಮಾಡುತ್ತಿದ್ದಳು.

ತಿಂಡಿಗೆ ಕೂತಿದ್ದ ಗಂಡ ತೂತು ನೋಡಿ ತಲೆ ಚಚ್ಚಿಕೊಂಡ. "ಸಾಕಪ್ಪ ಇವುಗಳ ಸಹವಾಸ. ಮನೇಲಿರೋ ಮರ ಎಲ್ಲಾ ಕಿತ್ತು ಕಬ್ಬಿಣದ್ದು ಹಾಕಿಸಿಬಿಡೋಣ. ನೀನೇ ಅಪ್ಪಂಗೆ ಹೇಳು, ನಿನ್ನ ಮಾತಾದ್ರೆ ಕೇಳ್ತಾರೆ."

"ನನ್ನ ಕೈಲಾಗಲ್ಲ," ಎಂದಳು ಸೊಸೆ.

ಮಾವ ಬಡಗಿ. ಈ ಮನೆಯ ಒಂದೊಂದು ಬಾಗಿಲನ್ನೂ ಕೈಯಾರೆ ಮಾಡಿದವರು. ಮೂವತ್ತೈದು ವರ್ಷವಾದರೂ ಒಂದೇ ಬೆರಳಲ್ಲಿ ತಳ್ಳಿದರೆ ಸದ್ದಿಲ್ಲದೆ ಮುಚ್ಚಿಕೊಳ್ಳುವ ಬಾಗಿಲುಗಳು. ಕಣ್ಣು ಮಂಜಾಗಿ ಉಳಿ ಕೆಳಗಿಟ್ಟ ಮೇಲೂ ಊರಿನ ಬಡಗಿಗಳು ಅವರನ್ನು ಕಂಡರೆ ಬೀಡಿ ಆರಿಸಿ ಎದ್ದು ನಿಲ್ಲುತ್ತಿದ್ದರು. ಅಂಥವರ ಮುಂದೆ ಕಬ್ಬಿಣದ ಮಾತೆತ್ತುವುದು ಹೇಗೆ? ಸೊಸೆ ಅಂಚೆ ಕಚೇರಿಗೆ ಫೋನ್ ಮಾಡಿ ರಜೆ ಹೇಳಿದಳು, ಆಮೇಲೆ ಗೆದ್ದಲಕ್ಕನಿಗೆ ಫೋನ್ ಮಾಡಿದಳು.

ಗೆದ್ದಲಕ್ಕ ಬಂದವಳೇ ಸೀರೆ ಎತ್ತಿ ಸಿಕ್ಕಿಸಿ ನೆಲದ ಮೇಲೆ ಬೋರಲು ಮಲಗಿದಳು. ಐವತ್ತು ದಾಟಿದ ಭಾರಿ ಹೆಂಗಸು, ಆದರೂ ಕಿವಿಯನ್ನು ನೆಲಕ್ಕಿಟ್ಟರೆ ಉಸಿರಾಟವೇ ಕೇಳದಷ್ಟು ತಣ್ಣಗಾಗುತ್ತಿದ್ದಳು. ಸ್ಕ್ರೂಡ್ರೈವರಿನ ಹಿಡಿಯಿಂದ ಒಂದು ಕಡೆ ಕುಟ್ಟಿ ಕೇಳುವಳು, ಗೇಣು ಸರಿದು ಮತ್ತೆ ಕುಟ್ಟುವಳು. ಗೋಡೆ ಬುಡದಲ್ಲಿ ತಾನೇ ಕೊರೆದು ಔಷಧಿ ತುಂಬಿ ಸಿಮೆಂಟು ಮೆತ್ತಿದ್ದ ತೂತುಗಳನ್ನು ಒಂದೂ ಬಿಡದೆ ಉಗುರಿನಿಂದ ಕೆರೆದು ನೋಡಿದಳು. ಅವಳು ಎದ್ದು ಕೂರುವ ಹೊತ್ತಿಗೆ ಒಂದು ಗಂಟೆ ಕಳೆದಿತ್ತು.

"ನನ್ನ ಕೆಲಸದಲ್ಲಿ ಲೋಪ ಇಲ್ಲ, ತಂಗೀ. ಹಂಗಂತ ಕೈ ತೊಳ್ಕೊಂಡು ಹೋಗೋಳೂ ನಾನಲ್ಲ. ಇವುಗಳ ಗೂಡು ಹೊರಗೆ ಎಲ್ಲೋ ಇರುತ್ತೆ. ಆದ್ರೆ ಈ ನೆಲದಡಿ ಅವಕ್ಕೆ ಯಾರೋ ಭರ್ಜರಿ ಊಟ ಬಡಿಸಿಟ್ಟಿದಾರೆ. ಅದು ಇರೋವರೆಗೂ ಬರ್ತಾನೇ ಇರ್ತವೆ. ಎಲ್ಲಿದೆ ಅಂತ ಗೊತ್ತಿಲ್ದೆ ಮನೆಯೆಲ್ಲಾ ಅಗೆಯೋಕಾಗುತ್ತಾ?"

ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಮಾವ ಆವರೆಗೂ ಅವಳು ಕುಟ್ಟುವ ಸದ್ದಿಗೇ ಕಿವಿಗೊಟ್ಟಿದ್ದರು. ಈಗ ಕುರ್ಚಿಯ ತೋಳು ಹಿಡಿದು ಎದ್ದರು. ಬಾಗಿಲ ಬಳಿಗೆ ಬಂದು ಗೋಡೆಯನ್ನು ಅಂಗೈಯಲ್ಲಿ ಸವರುತ್ತಾ ನಡುಮನೆಯೊಳಕ್ಕೆ ನಾಲ್ಕು ಹೆಜ್ಜೆ ಇಟ್ಟು ನಿಂತರು.

"ಇಲ್ಲಿ. ಇಲ್ಲಿಂದ ಆ ಗೋಡೆವರೆಗೂ."

"ಏನಿದೆ ಮಾವ ಅಲ್ಲಿ?" ಎಂದಳು ಸೊಸೆ.

"ಹಲಗೆ. ತಾರಸಿ ಹಾಕುವಾಗ ಅಡಿಗೆ ಕಟ್ಟಿದ್ದ ಸೆಂಟ್ರಿಂಗ್ ಹಲಗೆ, ತುಂಡು, ಚಕ್ಕೆ... ಕೈಗೆ ಸಿಕ್ಕಿದ್ದೆಲ್ಲಾ." ಅವರು ಕಾಲಿನ ತುದಿಯಿಂದ ನೆಲ ತಟ್ಟಿದರು. "ನಿಮ್ಮತ್ತೆಗೆ ದಿನ ತುಂಬಿತ್ತು. ಬಾಡಿಗೆ ಮನೆಯವರು ಖಾಲಿ ಮಾಡಿ ಅಂತ ನಿಂತುಬಿಟ್ಟಿದ್ರು. ನೆಲಕ್ಕೆ ಮಣ್ಣು ಸಾಲದೆ ಬಂತು. ಒಂದೇ ಮಧ್ಯಾಹ್ನದಲ್ಲಿ ಎಲ್ಲಾ ಒಳಕ್ಕೆ ತಳ್ಳಿ ಮೇಲೆ ಗಾರೆ ಎಳೆಸಿಬಿಟ್ಟೆ."

ಗೋಡೆಗೆ ಅಂಗೈ ಊರಿ ಅವರು ಮುಂದುವರಿಸಿದರು. "ಮೊದಲನೇ ಸಲ ಗೆದ್ದಲು ಬಂದಾಗ್ಲೇ ಅನುಮಾನ ಬಂದಿತ್ತು. ಬಾಯಿ ಬಿಡ್ಲಿಲ್ಲ. ಇದೇ ತಪ್ಪಿಗೆ ಒಬ್ಬ ಶಿಷ್ಯನ್ನ ಎಲ್ಲರೆದುರು ಬೈದು ಕೆಲಸದಿಂದ ತೆಗೆದಿದ್ದೀನಮ್ಮಾ ನಾನು."

ಬಾಯಿ ಬಿಡದಿದ್ದರೆ ಯಾರಿಗೆ ತಿಳಿಯುತ್ತಿತ್ತು? ಅತ್ತೆ ಹೋಗಿ ಎಷ್ಟೋ ವರ್ಷವಾಗಿತ್ತು. ಸೊಸೆಗೆ ಅಯ್ಯೋ ಎನಿಸಲಿಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಈ ಮನುಷ್ಯನನ್ನು ತಾನು ಇವತ್ತೇ ನೋಡುತ್ತಿರುವುದು ಎನಿಸಿತು.

ಗೆದ್ದಲಕ್ಕ ಎದ್ದು ಸೀರೆಯ ಧೂಳು ಕೊಡವಿಕೊಂಡಳು. "ಇಪ್ಪತ್ತೆರಡು ವರ್ಷದಿಂದ ಈ ಕೆಲಸ ಮಾಡ್ತಿದೀನಿ ಯಜಮಾನ್ರೇ. ಎಲ್ಲರೂ ಮರ ಮಾರಿದೋನ್ನ ಬೈತಾರೆ, ಮಳೇನ ಬೈತಾರೆ, ನನ್ನನ್ನಂತೂ ಬೈದೇ ಬೈತಾರೆ. ನಾನೇ ಮಾಡಿದ್ದು ಅಂತ ಜಾಗ ತೋರಿಸಿದೋರು ನೀವೊಬ್ರೇ." ಆಮೇಲೆ ಸೊಸೆಯತ್ತ ತಿರುಗಿ, "ಹಾರೆ ಇದೆಯಾ?" ಎಂದಳು.

ಸಂಜೆ ಗಂಡ ಬರುವಷ್ಟರಲ್ಲಿ ನಡುಮನೆಯ ಮಧ್ಯೆ ಮಂಚದಗಲದ ಗುಂಡಿ ಬಾಯ್ತೆರೆದಿತ್ತು. ಹೆಂಗಸರಿಬ್ಬರೂ ತಲೆಯಿಂದ ಕಾಲಿನವರೆಗೆ ಮಣ್ಣಾಗಿದ್ದರು. ಹಲಗೆಗಳು ನೀರಲ್ಲಿ ನೆನೆದ ರಟ್ಟಿನಂತೆ ಪದರ ಪದರವಾಗಿ, ಹುಳು ಸಮೇತ ಮೇಲೆ ಬಂದಿದ್ದವು. ಗೆದ್ದಲಕ್ಕ ಅವನ್ನೆಲ್ಲ ಹೊರಗೆ ಸಾಗಿಸಿ ಸುಟ್ಟಿದ್ದಳು.

"ನಾಳೆ ಬಂದು ಔಷಧಿ ಹಾಕ್ತೀನಿ, ಆಮೇಲೆ ಮುಚ್ಚಿ," ಎಂದು ಚಪ್ಪಲಿ ಮೆಟ್ಟಿದಳು. "ಇನ್ನೊಂದು ಮಾತು. ಆ ಚೌಕಟ್ಟಿನ ಬುಡದ ಒಂದು ಮೊಳ ಅಷ್ಟೇ ಹೋಗಿರೋದು. ಮೇಲಿಂದೆಲ್ಲಾ ಗಟ್ಟಿಮುಟ್ಟಾಗಿದೆ. ತುಂಡು ಕೂಡಿಸಿದ್ರೆ ಸಾಕು."

ಗಂಡ ಗುಂಡಿಯನ್ನೊಮ್ಮೆ, ಅಪ್ಪನನ್ನೊಮ್ಮೆ ನೋಡಿದ. ಹೆಂಡತಿ ಎಲ್ಲವನ್ನೂ ಹೇಳಿದ ಮೇಲೆ ಚೌಕಟ್ಟಿನ ಬುಡವನ್ನು ಬೆರಳಿನಿಂದ ಒತ್ತಿ ನೋಡಿದ. "ಯಾವ ಮರ ತರ್ಲಿ, ಅಪ್ಪ?" ಎಂದ.

"ತರೋದಾದ್ರೆ ನನ್ನನ್ನೂ ಕರ್ಕೊಂಡು ಹೋಗು. ನೀನು ಒಬ್ನೇ ಹೋದ್ರೆ ಟೋಪಿ ಹಾಕ್ತಾರೆ."

ಗಂಡ ನಗುತ್ತಾ ಕೈಕಾಲು ತೊಳೆಯಲು ಹೋದ. ಮಾವ ಮಾತ್ರ ಗುಂಡಿಯ ಅಂಚಿನಲ್ಲೇ ಕಾಲು ಇಳಿಬಿಟ್ಟು ಕೂತಿದ್ದರು. ಮಣ್ಣನ್ನು ಹಿಡಿಹಿಡಿಯಾಗಿ ಎತ್ತಿಕೊಂಡು, ಮಂಜುಗಣ್ಣಿಗೆ ಕಾಣದ್ದನ್ನು ಬೆರಳಲ್ಲೇ ತಡಕಿ, ಬೆಂಕಿಕಡ್ಡಿಯಷ್ಟಿದ್ದ ಚಕ್ಕೆಗಳನ್ನೂ ಹೆಕ್ಕಿ ಪಕ್ಕಕ್ಕಿಡುತ್ತಿದ್ದರು. ಸೊಸೆ ಎದುರು ಅಂಚಿನಲ್ಲಿ ಕೂತು ತಾನೂ ಕಾಲು ಇಳಿಬಿಟ್ಟಳು, ಒಂದು ಹಿಡಿ ಮಣ್ಣು ಎತ್ತಿಕೊಂಡು ಜರಡಿ ಹಿಡಿದಂತೆ ಬೆರಳ ಸಂದಿಯಲ್ಲಿ ಬಿಡತೊಡಗಿದಳು.