ಗೇಟಿನಿಂದ ಹೊರಟ ಚೀಟಿ

ಟಕ್, ಟಕ್ — ಇಷ್ಟು ಹೊತ್ತಿನಲ್ಲಿ ಯಾರು, ರಾತ್ರಿಯ ಊಟ ಮುಗಿಸಿ ಒರಗಿದ್ದವಳು ಎದ್ದು ಹೋಗಿ ಚಿಲಕ ತೆಗೆದಳು, ಹೊರಗೆ ನರಪಿಳ್ಳೆಯೂ ಇಲ್ಲ, ಬೀದಿದೀಪ, ಅದರ ಕೆಳಗೆ ಗೇಟು — ಅರೆ, ಬಾಗಿಲ ಚೌಕಟ್ಟಿನ ಚೀಟಿ ಎಲ್ಲಿ? ಸಂಜೆ ಇಲ್ಲೇ ಇತ್ತು, ಲಾ ಎಂದು ಬರೆದದ್ದು, ಅವಳು ಕಲಿಯುತ್ತಿರುವ ಪೋರ್ಚುಗೀಸಿನಲ್ಲಿ ಲಾ ಅಂದರೆ ಅಗೋ ಬಹುದೂರ, ನಾನೂ ಇಲ್ಲದ ನೀನೂ ಇಲ್ಲದ ಕಡೆ; ಆ ಭಾಷೆಯವರಿಗೆ ‘ಅಲ್ಲಿ’ ಎನ್ನಲು ಒಂದೇ ಮಾತು ಸಾಲದು, ನಿನ್ನ ಮಗ್ಗುಲಿನದು ಅಈ, ಇಬ್ಬರಿಗೂ ಆಚೆ ಕಣ್ಣಳತೆಯಲ್ಲಿರುವುದು ಅಲೀ — ನಮ್ಮ ಅಲ್ಲಿಗೆ ದಾಯಾದಿಯೇನೋ — ಕಣ್ಣಿಗೆ ನಿಲುಕದ್ದು ಲಾ, ತನ್ನ ಬಳಿಯದು ಅಕೀ. ನಾಲಗೆಗೆ ಹತ್ತಲೆಂದು ಅವಳೇ ಚೀಟಿ ಬರೆದು ಗೋಂದು ಹಚ್ಚಿ ಅಂಟಿಸಿದ್ದಳು, ಅಕೀ ತನ್ನ ಮೇಜಿಗೆ, ಅಈ ಅತ್ತೆಯ ಕುರ್ಚಿಗೆ, ಅಲೀ ಅಡುಗೆಮನೆಯ ಬಾಗಿಲಿಗೆ, ಲಾ ಗೇಟಿಗೆ. ಕಟ್ಟುಹಲ್ಲು ಮಾಡುವ ಅವಳ ಕೈಯನ್ನು ಆ ಭಾಷೆಯ ದೇಶದ ಲ್ಯಾಬೊಂದು ಮೆಚ್ಚಿದೆ, ನಾಳೆ ಫೋನಿನಲ್ಲಿ ಮಾತಿನ ಪರೀಕ್ಷೆ, ಗೆದ್ದರೆ ಎರಡು ವರ್ಷ ಅಲ್ಲೇ, ಒಬ್ಬಳೇ. ಹೋಗಲಾ ಎಂದು ಗಂಡನನ್ನು ಎಷ್ಟು ಸಲ ಕೇಳಿಲ್ಲ, ಶೆಡ್ಡಿನಲ್ಲಿ ಸೋಫಾಗಳಿಗೆ ಕುಶನ್ ಬಡಿಯುವವನು, ಹಿಡಿ ಮೊಳೆ ತುಟಿಯ ನಡುವೆ ಕಚ್ಚಿಕೊಂಡು, ಒಂದೊಂದನ್ನೇ ನಾಲಗೆಯಿಂದ ತಳ್ಳಿ ತೆಗೆದು ಬಡಿಯುತ್ತಾನೆ, ಉತ್ತರವೆಂದರೆ ಹ್ಞೂಂ, ಅದು ಹೋಗು ಎಂದೋ ಬೇಡ ಎಂದೋ ಆ ಮೊಳೆಗಳಿಗೇ ಗೊತ್ತು.

ಈ ಲಾ ಚೀಟಿಗೋ ಕಾಲು ಬಂದಿದೆ — ಮೊನ್ನೆ ಗೇಟು ಬಿಟ್ಟು ಜಗಲಿಯ ಕಂಬಕ್ಕೆ, ಇವತ್ತು ಚೌಕಟ್ಟಿಗೆ, ಗೋಂದಿನ ಜಾಗದಲ್ಲಿ ಒಂದು ಮೊಳೆ. ಮೊಳೆ ಮನೆತುಂಬ ಚೆಲ್ಲಿದೆ, ಯಾರ ಕೈಗಾದರೂ ಸಿಗುತ್ತದೆ, ಅತ್ತೆಯೇ ಇರಬೇಕು, ಬೆಕ್ಕಿನ ಹೆಜ್ಜೆ ಅವರದು. ಕೇಳಿಯೇಬಿಟ್ಟಳು. ನನ್ನ ಮೇಲೆ ಯಾಕೇ ಗೂಬೆ ಕೂರಿಸ್ತೀಯಾ, ನೀನು ಮಾಡಿಕೊಟ್ಟ ಹಲ್ಲಿನ ಸೆಟ್ಟಲ್ಲಿ ನಿನ್ನ ಆ ಭಾಷೆ ಹೊರಳೋದೇ ಇಲ್ಲ, ಚೀಟಿ ಮುಟ್ಟಿ ನನಗೇನಾಗಬೇಕು, ಹೋಗಿ ಬಾರೇ ತಾಯಿ, ಬರುವಾಗ ಚಕ್ಕುಲಿ ಕಡಿಯೋ ಹಲ್ಲು ಮಾಡ್ಕೊಂಡು ಬಾ — ಕುರ್ಚಿಯಲ್ಲೇ ಮೈ ಕುಲುಕಿಸಿ ನಕ್ಕರು, ಆ ನಗುವಿನಲ್ಲಿ ಕಳ್ಳತನವಿಲ್ಲ. ಹಾಗಾದರೆ ಯಾರು, ಬಾಯಿಬಿಟ್ಟು ಬೇಡವೆನ್ನಲಾರದೆ ದೂರವನ್ನೇ ಗೋಣು ಹಿಡಿದು ಮನೆಯೊಳಗೆ ಎಳೆದು ತರುತ್ತಿರುವವರು ಯಾರು? ಮೇಜಿನ ದೀಪ ಹಾಕಿದಳು: ಅಕೀ, ಅದರ ಮೈಗೆ ಮೈ ತಾಗಿಸಿಕೊಂಡು ಲಾ, ಅದರ ನೆತ್ತಿಯಲ್ಲಿ ಮೊಳೆ, ಟಕ್ ಟಕ್ ಎಂದದ್ದು ಬಾಗಿಲಲ್ಲ, ಇದೇ, ಬೆರಳಿಟ್ಟಳು — ಒದ್ದೆ, ಮೊಳೆ ಒದ್ದೆ, ಈಗಷ್ಟೇ ತುಟಿ ಬಿಟ್ಟು ಬಂದ ಒದ್ದೆ ಮೊಳೆ —

ಗಂಡ.