ಹರಕೆ ಹೋತದ ಬೆನ್ನಿಗೆ ಎರಡು ಮದ್ದು

ಮುನೇಶ್ವರನಿಗೆ ಬಿಟ್ಟ ಹೋತ ಅಂತ ಕೆಂಚನಿಗೆ ಮನೆಯಲ್ಲಿ ಅಳಿಯನ ಮರ್ಯಾದೆ. ಮೊಮ್ಮಗಳು ಸಿಂಚನಳ ಜ್ವರ ಇಳಿಯಲೆಂದು ಹೊತ್ತ ಹರಕೆ ಅದು. ಜ್ವರವೇನೋ ಇಳಿಯಿತು. ದೇವರಿಗೆ ಕೊಡುವ ಪ್ರಾಣಿ ದಷ್ಟಪುಷ್ಟವಾಗಿರಬೇಕೆಂದು ಅಜ್ಜಿ ಮುನಿವೆಂಕಟಮ್ಮ ಸೊಪ್ಪು ಮೇಯುವುದನ್ನು ಬಿಡಿಸಿ, ದಿನವೂ ಬೂಸಾ, ಜೋಳದ ನುಚ್ಚು ತಿನ್ನಿಸಿದಳು. ತಿನ್ನಿಸುತ್ತಾ ತಿನ್ನಿಸುತ್ತಾ ಅದರ ಮೇಲೆ ಜೀವವನ್ನೇ ಇಟ್ಟುಕೊಂಡುಬಿಟ್ಟಳು. ಹಾಗಂತ ಬಾಯಿಬಿಟ್ಟು ಹೇಳುವಂತಿರಲಿಲ್ಲ. ದೇವರ ಸೊತ್ತು ನೋಡಿ.

ಆ ಬೂಸಾವೇ ಮೂತ್ರದ ದಾರಿಯಲ್ಲಿ ಕಲ್ಲಾಗಿ ಕೂತಿತು. ಉಚ್ಚೆ ಕಟ್ಟಿ ಒದ್ದಾಡುತ್ತಿದ್ದ ಹೋತವನ್ನು ಗಂಡ ದೊಡ್ಡಮುನಿಯಪ್ಪ ಆಟೋದಲ್ಲಿ ಹಾಕಿಕೊಂಡು, ಹೆಂಡತಿಯನ್ನೂ ಕೂರಿಸಿಕೊಂಡು ತ್ಯಾಮಗೊಂಡ್ಲಿನ ದನದ ಆಸ್ಪತ್ರೆಗೆ ಬಂದ. ಬಾಲದ ಕೆಳಗೆ ಕೊಯ್ದು ಉಚ್ಚೆಗೆ ಹೊಸ ದಾರಿ ಮಾಡದೆ ಗತಿಯಿಲ್ಲ ಎಂದಳು ಡಾಕ್ಟರ್ ರಂಜಿತ, ನೋವು ತಡೆಯುವ ಇಂಜೆಕ್ಷನ್ ಸಿದ್ಧಮಾಡುತ್ತಾ.

"ಹೆಂಗೂ ಕಡಿಯೋ ಹೋತ, ಅದಕ್ಕೆ ನೋವಾಗ್ದಂಗೆ ಇಂಜೆಕ್ಷನ್ ಬೇರೆ!" ಹಸುವಿಗೆ ಔಷಧಿ ಕೇಳಲು ಬಂದಿದ್ದ ಪಿಳ್ಳಣ್ಣ ನಕ್ಕ.

ಮುನಿವೆಂಕಟಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಆದರೆ ಅವನು ಹೇಳಿದ್ದರಲ್ಲಿ ಸುಳ್ಳೇನಿತ್ತು? ಬದುಕಲಿ ಎಂದು ಬೇಡಿಕೊಂಡರೆ, ಬದುಕಿದ ಪ್ರಾಣಿ ಮಚ್ಚಿನ ಬಾಯಿಗೆ ಹೋಗುತ್ತದೆ. ಏನಂತ ಬೇಡಿಕೊಳ್ಳುವುದು?

ರಂಜಿತ ಬಾಲದ ಬುಡದ ಕೂದಲು ಬೋಳಿಸಿದಳು. "ಬರೀ ಮರಗಟ್ಟಿಸೋ ಮದ್ದು ಕೊಟ್ರೆ ಅರ್ಧದಲ್ಲೇ ನೋವು ಬಂದ್ಬಿಡುತ್ತೆ ಅಜ್ಜಿ. ಅದನ್ನೇ ಜಾಸ್ತಿ ಮಾಡಿದ್ರೆ ಹಿಂಗಾಲು ಬೇಗ ಏಳಲ್ಲ. ಅದಕ್ಕೇ ಇನ್ನೊಂದು ಮದ್ದು ಒಂಚೂರು ಸೇರಿಸ್ತೀನಿ, ಎರಡೂ ಸೇರಿದ್ರೆ ಹೆಚ್ಚು ಹೊತ್ತು ತಡೀತವೆ. ಆದ್ರೆ ಆ ಎರಡನೇದು ಮೇಕೆಗೆ ಸ್ವಲ್ಪ ಹೆಚ್ಚಾದ್ರೂ ಉಸಿರಿಗೆ ಕಷ್ಟ. ನೀವು ತಲೆ ಹಿಡ್ಕೊಂಡು ಉಸಿರು ನೋಡ್ತಿರಿ."

ಸೂಜಿ ಬೆನ್ನುಮೂಳೆಯ ಸಂದಿಗೆ ಇಳಿಯಿತು. ಬಾಲ ಜೋತುಬಿತ್ತು, ಹಿಂಗಾಲುಗಳು ಸಡಿಲವಾದವು. ಕೊಯ್ಯುವಾಗ ಕೆಂಚ ಒಮ್ಮೆಯೂ ಅರಚಲಿಲ್ಲ. ಅವಳ ತೊಡೆಯ ಮೇಲೆ ತಲೆಯಿಟ್ಟು, ಅರೆಗಣ್ಣು ಮುಚ್ಚಿ, ನಿಧಾನವಾಗಿ ಉಸಿರಾಡುತ್ತಿತ್ತು. ಉಸಿರು ಒಂಚೂರು ತಡವಾದರೂ ಇವಳ ಉಸಿರೇ ನಿಲ್ಲುತ್ತಿತ್ತು. ಕಡೆಗೆ ಹೊಸ ದಾರಿಯಿಂದ ಉಚ್ಚೆ ಚಿಮ್ಮಿ ಡಾಕ್ಟರಮ್ಮನ ಏಪ್ರನ್ ತೊಯ್ದಾಗ ಪಿಳ್ಳಣ್ಣನೂ ಚಪ್ಪಾಳೆ ತಟ್ಟಿದ.

ಮದ್ದಿನ ಅಮಲು ಇಳಿಯುವಷ್ಟರಲ್ಲಿ ಮಧ್ಯಾಹ್ನ ಕಳೆಯಿತು. ಕೆಂಚ ಏಳಲು ಹೋಗಿ ಕುಸಿಯಿತು, ಮತ್ತೆ ಕುಸಿಯಿತು, ಆಮೇಲೆ ನಾಲ್ಕೂ ಕಾಲೂರಿ ನಿಂತಿತು.

ದೊಡ್ಡಮುನಿಯಪ್ಪ ಬಾಲ ಎತ್ತಿ ಹೊಲಿಗೆಯನ್ನು ಬಹಳ ಹೊತ್ತು ನೋಡಿದ. "ಊನ ಆಗೋಯ್ತಲ್ಲಮ್ಮೀ. ಊನ ಆಗಿದ್ದು ದೇವರಿಗೆ ಸಲ್ಲಲ್ಲ. ತಪ್ಪುಕಾಣಿಕೆ ಕಟ್ಟಿ, ಕಾಯಿ ಒಡೆದು ಕೈ ಮುಗಿಯೋದೇ ಸರಿ."

ದೇವರಿಗೆ ಸಲ್ಲದ ಹೋತವನ್ನು ಕಸಾಯಿಯವನಿಗೆ ಕೊಡುವುದು ಊರಿನಲ್ಲಿ ಎಲ್ಲರೂ ಮಾಡುವ ಕೆಲಸ. ಮುನಿವೆಂಕಟಮ್ಮ ಕೆಂಚನ ಕೊರಳನ್ನು ತಬ್ಬಿ ಹಿಡಿದುಕೊಂಡಳು.

ಅವನು ಅವಳ ಮುಖ ನೋಡದೆ ಡಾಕ್ಟರಮ್ಮನ ಕಡೆ ತಿರುಗಿದ.

"ಹೊಲಿಗೆ ಬಿಚ್ಚೋಕೆ ಯಾವತ್ತು ಕರ್ಕೊಂಡ್ಬರ್ಲಿ ತಾಯಿ? ಇನ್ಮೇಲೆ ಮನೇಲೇ ಇರೋ ಜೀವ, ಚೆನ್ನಾಗಿ ವಾಸಿ ಆಗ್ಬೇಕು."

ಮುನಿವೆಂಕಟಮ್ಮ ಪಿಳ್ಳಣ್ಣನ ಎದುರಿಗೇ, ನಾಚಿಕೆ ಬಿಟ್ಟು, ಗಳಗಳ ಅತ್ತುಬಿಟ್ಟಳು.